ಒಂದೇ ಬಯಲು, ಎರಡು ಜೆರ್ಸಿ

ತಳಕಲ್ ಹೆಸರು ಹೊರಗಿನವರ ಕಿವಿಗೆ ಬಿದ್ದಿರುವುದು ರೈಲಿನ ದೆಸೆಯಿಂದ. ಗದಗದಿಂದ ಕೊಪ್ಪಳಕ್ಕೆ ಹೋಗುವಾಗ ಬನ್ನಿಕೊಪ್ಪ ದಾಟಿದರೆ ತಳಕಲ್. ಅಲ್ಲಿಂದ ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಗೆ ಹೊಸ ಹಳಿ ಹೊರಳುತ್ತದೆ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಓಡತೊಡಗಿದ್ದು ಈ ಹಳಿಯ ಮೇಲೆಯೇ. ಆದರೆ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ತಳಕಲ್ ಅಂದರೆ ಕಾಲೇಜು. ಇಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅದೇ ಆವರಣದಲ್ಲಿ 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೂ ಶುರುವಾಯಿತು. ಎಂಜಿನಿಯರಿಂಗ್ ಕಾಲೇಜು ಸೇರಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು). ಹಾಗಾಗಿ ಬೆಳಿಗ್ಗೆ ಒಂದೇ ಬಯಲಲ್ಲಿ ಇಬ್ಬರು ಓಡಿದರೆ, ಬಿ.ಇ. ಓದುವವನು ತೊಡಬೇಕಾದದ್ದು ವಿಟಿಯು ಜೆರ್ಸಿ, ಎಂ.ಎ. ಓದುವವಳದು ಕೊಪ್ಪಳ ವಿ.ವಿ.ಯ ಜೆರ್ಸಿ. ಇಬ್ಬರಿಗೂ ಆಯ್ಕೆಯ ದಾರಿ ಬೇರೆ, ಹಾಜರಾತಿಯ ನಿಯಮ ಬೇರೆ, ಪೈಪೋಟಿಯೂ ಬೇರೆ.

ಈ ವ್ಯತ್ಯಾಸವನ್ನು ಪ್ರವೇಶದ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ಕಬಡ್ಡಿ, ಕೊಕ್ಕೊ, ಓಟದಲ್ಲಿ ಹೆಸರು ಮಾಡಿದ ಹುಡುಗ ಹುಡುಗಿಯರು ಕಾಲೇಜು ಸೇರುವ ಕಾಲಕ್ಕೆ ಸಲಹೆಗಳಿಗೇನೂ ಬರವಿಲ್ಲ. ಸಲಹೆ ಕೊಡುವವರು ಕೆಟ್ಟವರಲ್ಲ, ಅರ್ಧ ಗೊತ್ತಿರುವವರು. ಕಟ್ಟೆಯ ಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬರುವ ಇಂಥ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: "ಆಟಕ್ಕ ಬಿದ್ದ ಹುಡುಗ ಓದೂದಿಲ್ಲ."

ಇದನ್ನು ಅಲ್ಲಗಳೆಯಲು ಕರ್ನಾಟಕದಲ್ಲಿ ಸಾಕ್ಷಿ ಹುಡುಕಬೇಕಿಲ್ಲ. ಅನಿಲ್ ಕುಂಬ್ಳೆ 1990ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಓದು ಇನ್ನೂ ಮುಗಿದಿರಲಿಲ್ಲ. ಆಮೇಲೆ ಮೆಕ್ಯಾನಿಕಲ್ ಪದವಿ ಪಡೆದೇ ಬಿಟ್ಟರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಓದಿದ ಎಂಜಿನಿಯರ್. ಹೊರಗಿನ ಉದಾಹರಣೆ ಬೇಕೆಂದರೆ ರೋಜರ್ ಬ್ಯಾನಿಸ್ಟರ್ ಇದ್ದಾರೆ. 1954ರ ಮೇ 6ರಂದು ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ಮೊದಲ ಮನುಷ್ಯ ಆಗ ವೈದ್ಯಕೀಯ ವಿದ್ಯಾರ್ಥಿ. ಊಟದ ಬಿಡುವಿನಲ್ಲಿ ತಾಲೀಮು ಮಾಡುತ್ತಿದ್ದವರು.

ಕ್ರಿಕೆಟಿಗರ ಹೆಸರು ಹೇಳಿ ಮುಗಿಸುವುದು ಸುಲಭ, ನ್ಯಾಯವಲ್ಲ. ಕ್ರಿಕೆಟಿಗೆ ಇರುವ ಹಣ, ಗಮನ ಕುಕನೂರಿನ ಲಾಂಗ್‌ಜಂಪ್ ಹುಡುಗನಿಗೆ ಇಲ್ಲ. ನಮ್ಮ ಭಾಗಕ್ಕೆ ಹತ್ತಿರದ ಉದಾಹರಣೆ, ಅವರೂ ಕ್ರಿಕೆಟಿಗರೇ, ಗದಗದ ಸುನೀಲ್ ಜೋಶಿ. ಹುಡುಗನಿದ್ದಾಗ ಬೆಳಗಿನ ಜಾವ ಗದಗದಿಂದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ಅವರಿಗೆ ಕೊರತೆ ಇದ್ದದ್ದು ಬುದ್ಧಿಗೂ ಅಲ್ಲ, ಮನಸ್ಸಿಗೂ ಅಲ್ಲ, ವೇಳೆಗೆ. ನಮ್ಮ ಮಕ್ಕಳು ಓದಿನಲ್ಲಿ ಬೀಳುವುದೂ ಅಲ್ಲೇ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಋತುವಿನ ಅವಧಿಯಲ್ಲೂ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ತಾಲೀಮು ಕೂಡದೆಂಬ ನಿಯಮವಿದೆ. ಅದು ಎಷ್ಟು ಪಾಲನೆಯಾಗುತ್ತದೆ ಎನ್ನುವುದು ಬೇರೆ ಮಾತು. ನಮ್ಮಲ್ಲಿ ಅಂಥ ಲೆಕ್ಕವನ್ನೇ ಯಾರೂ ಇಟ್ಟಿಲ್ಲ. ಇಡಬೇಕಾದವನು ವಿದ್ಯಾರ್ಥಿಯೇ.

ತಪ್ಪು ಕಲ್ಪನೆ: "ಸ್ಪೋರ್ಟ್ಸ್ ಕೋಟಾದಾಗ ಸೀಟ್ ಸಿಗ್ತೈತಿ, ಸಿಇಟಿ ಚಿಂತಿ ಯಾಕ?"

ಸಿಇಟಿಯಲ್ಲಿ ಕ್ರೀಡಾ ಕೋಟಾ ಇರುವುದು ನಿಜ. ಆದರೆ ಆ ಸೀಟುಗಳು ಬೆರಳೆಣಿಕೆಯವು, ಆದ್ಯತೆ ಅಂತಾರಾಷ್ಟ್ರೀಯ ಮತ್ತು ರಾಷ್ಟ್ರೀಯ ಮಟ್ಟದ ಸಾಧನೆಗೆ. ತಾಲ್ಲೂಕು, ಜಿಲ್ಲೆ, ವಲಯದ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ತುಂಬಿಕೊಂಡು ಬರುವ ತಂದೆಯರನ್ನು ನೋಡಿದರೆ ಸಂಕಟವಾಗುತ್ತದೆ. ಆ ಕಂತೆಗೆ ಮನೆಯಲ್ಲಿ ಬೆಲೆಯಿದೆ, ಸೀಟು ಹಂಚುವ ಮೇಜಿನ ಮೇಲೆ ಇಲ್ಲ. ಕೋಟಾದಲ್ಲಿ ಬರುವವರೂ ಸಿಇಟಿ ಬರೆಯಲೇಬೇಕು, ಅರ್ಜಿ ತುಂಬುವಾಗಲೇ ಕೋಟಾ ಕೇಳಿರಬೇಕು.

ಕೊಪ್ಪಳ ಜಿಲ್ಲೆಯ ಬಹುಪಾಲು ಆಟಗಾರರಿಗೆ ಕ್ರೀಡಾ ಪ್ರಮಾಣಪತ್ರಕ್ಕಿಂತ ಗಟ್ಟಿಯಾದ ಕಾಗದ ಇನ್ನೊಂದಿದೆ: 371(ಜೆ) ಅರ್ಹತಾ ಪತ್ರ. 2012ರ ಸಂವಿಧಾನ ತಿದ್ದುಪಡಿಯ ಫಲವಾಗಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಇಲ್ಲಿನವರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟು ಮೀಸಲಿವೆ. ಕುಷ್ಟಗಿಯ ಓಟಗಾರನೊಬ್ಬ ತಳಕಲ್‌ನಲ್ಲಿ ತನಗೆ ಬೇಕಾದ ಬ್ರಾಂಚ್ ಹಿಡಿಯುವುದು ಈ ಕಾಗದದಿಂದ. ಕ್ರೀಡಾ ಕೋಟಾದ ಆಸೆಗೆ ಕಾದು ಕುಳಿತು, ಕೊನೆಗೆ ಮಿಕ್ಕ ಬ್ರಾಂಚಿಗೆ ಸೇರುವುದಕ್ಕಿಂತ ಇದು ಸಾವಿರ ಪಾಲು ಲೇಸು.

ತಪ್ಪು ಕಲ್ಪನೆ: "ಯೂನಿವರ್ಸಿಟಿ ಪ್ಲೇಯರ್ ಅಂದ್ರ ಅಟೆಂಡೆನ್ಸ್ ತಾನ ಬರತೈತಿ."

ಅತಿ ಹೆಚ್ಚು ಮಕ್ಕಳನ್ನು ಕೆಡವಿರುವ ಮಾತು ಇದು. ಇದನ್ನು ಅಂಕಿಗಳಲ್ಲೇ ನೋಡಬೇಕು.

ವಿಟಿಯು ನಿಯಮದಂತೆ ಶೇ. 85 ಹಾಜರಾತಿ ಬೇಕು. ವಿಶ್ವವಿದ್ಯಾಲಯ, ರಾಜ್ಯ ಅಥವಾ ದೇಶವನ್ನು ಪ್ರತಿನಿಧಿಸಿದವರಿಗೆ, ಕಾಯಿಲೆ ಬಿದ್ದವರಿಗೆ ಇನ್ನೂ ಶೇ. 10ರವರೆಗೆ ವಿನಾಯಿತಿ ಕೇಳಲು ಅವಕಾಶವಿದೆ. ಅಂದರೆ ಕೊನೆಯ ಗೆರೆ ಶೇ. 75. ಕೇಳಲು ಅವಕಾಶವಿದೆ, ಅಷ್ಟೇ. ಪ್ರಾಂಶುಪಾಲರ ಶಿಫಾರಸು ಬೇಕು, ದಾಖಲೆ ಬೇಕು, ಮೇಲಿನವರ ಒಪ್ಪಿಗೆ ಬೇಕು.

ಇದಕ್ಕಿಂತ ಮುಖ್ಯವಾದದ್ದು, ಹಾಜರಾತಿಯ ಲೆಕ್ಕ ವಿಷಯವಾರು. ವಾರಕ್ಕೊಮ್ಮೆ ಬರುವ ಒಂದು ಲ್ಯಾಬ್ ತೆಗೆದುಕೊಳ್ಳಿ. ಸೆಮಿಸ್ಟರಿನಲ್ಲಿ ಅದು 14 ಬಾರಿ ನಡೆಯಿತು ಅಂದುಕೊಳ್ಳೋಣ. ಎರಡು ತಪ್ಪಿಸಿಕೊಂಡರೆ 14ಕ್ಕೆ 12, ಶೇ. 85 ದಾಟಿ ಬಚಾವ್. ಮೂರನೆಯದು ತಪ್ಪಿದರೆ ಶೇ. 78ರ ಆಸುಪಾಸು, ವಿನಾಯಿತಿಯ ಕೃಪೆಯಲ್ಲಿ ಬದುಕಬೇಕು. ನಾಲ್ಕನೆಯದು ತಪ್ಪಿತೋ ಶೇ. 71, ವಿನಾಯಿತಿಯೂ ಕಾಯದು. ಉಳಿದೆಲ್ಲ ವಿಷಯದಲ್ಲಿ ಶೇ. 95 ಇದ್ದರೂ ಆ ಒಂದು ಲ್ಯಾಬ್ ಸಾಕು. ಒಂದು ಅಂತರ್ ಕಾಲೇಜು ಟೂರ್ನಿ, ಆಯ್ಕೆಯಾದರೆ ಅದರ ಬೆನ್ನಿಗೆ ತರಬೇತಿ ಶಿಬಿರ, ಆಮೇಲೆ ದಕ್ಷಿಣ ವಲಯದ ಪಂದ್ಯಕ್ಕೆ ಬೇರೆ ರಾಜ್ಯದ ಪ್ರಯಾಣ: ನಾಲ್ಕು ವಾರದ ಲ್ಯಾಬ್ ಕಳೆಯಲು ಇಷ್ಟು ಸಾಕು. ಗೆದ್ದು ಮುಂದೆ ಹೋದವನಿಗೇ ಹಾಜರಾತಿಯ ಅಪಾಯ ಹೆಚ್ಚು, ಮೊದಲ ಸುತ್ತಿನಲ್ಲಿ ಸೋತವನು ಮರುದಿನ ತರಗತಿಯಲ್ಲಿರುತ್ತಾನೆ!

ಹಾಗಾದರೆ ದಾರಿ ಏನು? ಸೆಮಿಸ್ಟರ್ ಶುರುವಾದ ವಾರದಲ್ಲೇ ದೈಹಿಕ ಶಿಕ್ಷಣ ನಿರ್ದೇಶಕರಿಂದ ಟೂರ್ನಿಗಳ ವೇಳಾಪಟ್ಟಿ ಪಡೆದು, ಅದನ್ನು ಲ್ಯಾಬ್‌ನ ವೇಳಾಪಟ್ಟಿಯ ಪಕ್ಕ ಇಟ್ಟು ನೋಡುವುದು. ತಪ್ಪಲಿರುವ ಲ್ಯಾಬನ್ನು ಬೇರೆ ಬ್ಯಾಚಿನ ಜೊತೆ ಮಾಡಿಕೊಡುತ್ತೀರಾ ಎಂದು ಹೋಗುವ ಮೊದಲೇ ಕೇಳುವುದು. ಪದಕ ತಂದ ಮೇಲೆ ಹೋಗಿ ಕೇಳುವುದಕ್ಕೂ ಹೋಗುವ ಮುನ್ನ ಕೇಳುವುದಕ್ಕೂ ವಿಭಾಗದ ಮುಖ್ಯಸ್ಥರ ಮುಖಚರ್ಯೆಯಲ್ಲೇ ವ್ಯತ್ಯಾಸ ಕಾಣುತ್ತದೆ. ನಮ್ಮ ಮಕ್ಕಳು ಕೇಳಲು ಸಂಕೋಚಪಡುತ್ತಾರೆ. ಮೈದಾನದಲ್ಲಿ ರೆಫರಿ ಜೊತೆ ಜಗಳಕ್ಕೆ ನಿಲ್ಲುವವನೂ ಸ್ಟಾಫ್ ರೂಮಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತುಬಿಡುತ್ತಾನೆ.

ತಪ್ಪು ಕಲ್ಪನೆ: "ರೆಗ್ಯುಲರ್ ಕಾಲೇಜ್ ಯಾಕ? ಕರೆಸ್ಪಾಂಡೆನ್ಸ್ ಕಟ್ಟು, ದಿನಾ ಪ್ರಾಕ್ಟೀಸ್ ಮಾಡು."

ಕೇಳಲು ಜಾಣತನದ ಮಾತು, ಆದರೆ ಕಾಲೇಜು ಆಟಗಾರನ ಪಾಲಿಗೆ ಬಾಗಿಲು ಮುಚ್ಚುವ ಮಾತು. ಅಂತರ್ ವಿಶ್ವವಿದ್ಯಾಲಯ ಪಂದ್ಯಗಳನ್ನು ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ, ಎಐಯು. ಅದರ ನಿಯಮದಂತೆ ಆಡುವವರು ಪೂರ್ಣಾವಧಿ ಕೋರ್ಸಿಗೆ ದಾಖಲಾದ ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು. ದೂರಶಿಕ್ಷಣದವರಿಗೆ ಅಲ್ಲಿ ಜಾಗವಿಲ್ಲ. ದಿನವಿಡೀ ಬಯಲಲ್ಲಿ ಬೆವರು ಸುರಿಸಲು ಅಂಚೆಯ ಡಿಗ್ರಿ ಹಿಡಿದವನು, ಆ ಬೆವರಿಗೆ ಬೆಲೆ ಸಿಗುವ ವೇದಿಕೆಯನ್ನೇ ಕಳೆದುಕೊಳ್ಳುತ್ತಾನೆ. ರಾಷ್ಟ್ರೀಯ ತಂಡದ ಹೊಸ್ತಿಲಲ್ಲಿ ಈಗಾಗಲೇ ಇರುವವರಿಗೆ ಮಾತ್ರ ಈ ಲೆಕ್ಕ ಬೇರೆಯಾಗಬಹುದು. ಉಳಿದವರಿಗೆ ಅಲ್ಲ.

ಇದರ ತಮ್ಮನಂಥ ಇನ್ನೊಂದು ಮಾತಿದೆ: ಆಡುವವರಿಗೆ ಬಿ.ಎ. ಹಗುರ ಅಂತ. ಇತಿಹಾಸ, ಅರ್ಥಶಾಸ್ತ್ರ ಇಷ್ಟವಿದ್ದವನಿಗೆ ಬಿ.ಎ. ಚಿನ್ನ. ಗಣಿತದಲ್ಲಿ ಚುರುಕಾಗಿ, ಯಂತ್ರ ಬಿಚ್ಚಿ ಜೋಡಿಸುವ ಹುಚ್ಚಿರುವ ಹುಡುಗನನ್ನು 'ಆಡ್ತೀಯಲ್ಲ' ಎಂಬ ಒಂದೇ ಕಾರಣಕ್ಕೆ ಅಲ್ಲಿ ಕೂರಿಸಿದರೆ ಅವನಿಗೆ ಅದು ಹಗುರವಾಗಿ ಅಲ್ಲ, ಬೇಸರವಾಗಿ ಕಾಣುತ್ತದೆ. ಬೇಸರ ಬಂದ ಓದಿಗೆ ಹಗುರವಾದ ಪುಸ್ತಕವೂ ಭಾರ.

ತಪ್ಪು ಕಲ್ಪನೆ: "ಬೆಂಗಳೂರು, ಮೂಡುಬಿದಿರೆಗೆ ಹೋದ್ರ ಮಾತ್ರ ಆಟ. ಇಲ್ಲಿದ್ರ ಏನೈತಿ?"

ಅರ್ಧ ನಿಜ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸಿದ್ದರ ಫಲ ಮಂಗಳೂರು ವಿ.ವಿ.ಯ ಅಥ್ಲೆಟಿಕ್ಸ್ ಪ್ರಶಸ್ತಿಗಳಲ್ಲಿ ಕಂಡಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ್ ವಿ.ವಿ. ಕೂಟ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲೇ ನಡೆದು, ಮಂಗಳೂರು ವಿ.ವಿ. ಚಾಂಪಿಯನ್ ಆಯಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಜೈನ್ ವಿ.ವಿ. 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆಯಿತು. ಸಿಂಥೆಟಿಕ್ ಟ್ರ್ಯಾಕ್, ಕೋಚ್, ಫಿಸಿಯೊ, ಊಟದ ವ್ಯವಸ್ಥೆ ಇರುವ ಕಡೆ ಆಟ ಬೆಳೆಯುವುದರಲ್ಲಿ ಗುಟ್ಟೇನಿಲ್ಲ. ನಮ್ಮ ಎರೆ ನೆಲ ಮಳೆ ಹಿಡಿದರೆ ಬೂಟಿಗೆ ಅಂಟಿ ಒಂದೊಂದು ಕಾಲು ಒಂದೊಂದು ಸೇರು ಭಾರವಾಗುತ್ತದೆ. ಓಡುವುದಿರಲಿ, ನಡೆಯುವುದೂ ಕಷ್ಟ.

ಮರೆಯುವ ಇನ್ನರ್ಧ ಇಲ್ಲಿದೆ. ದೊಡ್ಡ ಕಡೆ ಹೋದವರೆಲ್ಲ ಆಡುವುದಿಲ್ಲ, ಬಹಳ ಮಂದಿ ಬೆಂಚಿನ ಮೇಲೆ ಕೂರುತ್ತಾರೆ. ಅಲ್ಲಿ ನಾಲ್ಕನೆಯವನಾಗಿದ್ದವನು ಇಲ್ಲಿ ಮೊದಲನೆಯವನಾಗಬಹುದು. ಒಂದು ವಿಶ್ವವಿದ್ಯಾಲಯದಿಂದ ಒಂದು ತಂಡ, ಅದು ಚಿಕ್ಕದಿರಲಿ ದೊಡ್ಡದಿರಲಿ. ವಿಟಿಯು ಕೈಕೆಳಗೆ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ, ಎಲ್ಲ ಸೇರಿ ಒಂದೇ ಕೊಕ್ಕೊ ತಂಡ. ಕೊಪ್ಪಳ ವಿ.ವಿ.ಯ ವ್ಯಾಪ್ತಿ ಒಂದು ಜಿಲ್ಲೆ, ಅದಕ್ಕೂ ಒಂದು ಕೊಕ್ಕೊ ತಂಡ. ಕುಕನೂರು, ಗಂಗಾವತಿ, ಯಲಬುರ್ಗಾದ ಪದವಿ ಕಾಲೇಜಿನ ಹುಡುಗಿಗೆ ವಿ.ವಿ. ಜೆರ್ಸಿ ತೊಟ್ಟು ದಕ್ಷಿಣ ವಲಯಕ್ಕೆ ಇಳಿಯುವ ಅವಕಾಶ, ತಳಕಲ್‌ನ ಬಿ.ಇ. ಹುಡುಗಿಗಿಂತ ಹತ್ತಿರದಲ್ಲಿದೆ. ಹೊಸ ವಿ.ವಿ.ಗಳನ್ನು ಮುಂದುವರಿಸಬೇಕೇ ಬೇಡವೇ ಎಂದು 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಚರ್ಚೆಯಾದಾಗ ಕಟ್ಟಡ, ಅನುದಾನ, ಹುದ್ದೆಗಳ ಮಾತು ಬಂತು. ಈ ಜೆರ್ಸಿಯ ಮಾತನ್ನೂ ಯಾರಾದರೂ ಎತ್ತಬೇಕಿತ್ತು.

ಹಾಗೆಂದು ಜೆರ್ಸಿಯ ಆಸೆಗೆ ಬಿ.ಇ. ಬಿಡಿ ಎನ್ನುತ್ತಿಲ್ಲ. ಏನು ಓದಬೇಕು ಎಂಬುದು ಮೊದಲು ತೀರ್ಮಾನವಾಗಲಿ. ಅದನ್ನು ಓದಲು ಸಿಗುವ ಕಾಲೇಜುಗಳಲ್ಲಿ ಎಲ್ಲಿ ಹೆಚ್ಚು ಆಡಬಹುದು ಎಂಬುದು ಎರಡನೆಯ ಪ್ರಶ್ನೆ. ಈ ಅನುಕ್ರಮ ತಿರುವುಮುರುವಾದಾಗ ಮಾತ್ರ ಮಕ್ಕಳು ಕೆಡುತ್ತಾರೆ.

ತಪ್ಪು ಕಲ್ಪನೆ: "ಹುಡುಗ್ಯಾರಿಗೆ ಬಸ್ ಫ್ರೀ ಐತಿ, ಸ್ಟೇಡಿಯಂಗೆ ಹೋಗಿ ಬರಲಿ."

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟಿನ ಖರ್ಚು ತಪ್ಪಿದೆ, ಅದು ಸಣ್ಣ ಮಾತಲ್ಲ. ಆದರೆ ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲಿ ಸಂಜೆ ತಾಲೀಮು ಮುಗಿಸಿದವಳಿಗೆ ಬೇಕಾದದ್ದು ಟಿಕೆಟಲ್ಲ, ಹಳ್ಳಿಗೆ ಹೋಗುವ ಕೊನೆಯ ಬಸ್ಸು. ಕಾಲೇಜು ಆರಿಸುವಾಗ ಹಾಸ್ಟೆಲ್ ಎಲ್ಲಿದೆ, ಮೈದಾನ ಎಷ್ಟು ದೂರ, ಸಂಜೆ ಹಾಸ್ಟೆಲ್ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ವಿಚಾರಿಸಿ. ಆಟ ಬಿಟ್ಟ ಹುಡುಗಿಯರನ್ನು ಕೇಳಿ ನೋಡಿ, ಗೇಟಿನ ಮಾತು ಬಂದೇ ಬರುತ್ತದೆ.

ತಪ್ಪು ಕಲ್ಪನೆ: "ಆಟದ ಮ್ಯಾಲ ನೌಕರಿ ಸಿಗ್ತೈತಿ. ಡಿಗ್ರಿ ಹೆಂಗರ ಇರಲಿ."

ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿ ಪ್ರಕಟಣೆ ಒಮ್ಮೆ ಪೂರ್ತಿ ಓದಿ. ಹುಬ್ಬಳ್ಳಿಯ ನೈಋತ್ಯ ರೈಲ್ವೆಯೂ ಇಂಥ ಪ್ರಕಟಣೆ ಹೊರಡಿಸುತ್ತದೆ. ಲೆವೆಲ್ 1ಕ್ಕೆ ಎಸ್ಸೆಸ್ಸೆಲ್ಸಿ ಅಥವಾ ಐಟಿಐ, ಲೆವೆಲ್ 2 ಮತ್ತು 3ಕ್ಕೆ ಪಿಯುಸಿ, ಲೆವೆಲ್ 4 ಮತ್ತು 5ಕ್ಕೆ ಪದವಿ. ಮೇಲಿನ ಲೆವೆಲಿಗೆ ಪದಕ ಎಷ್ಟು ಮುಖ್ಯವೋ ಪದವಿ ಪತ್ರವೂ ಅಷ್ಟೇ ಮುಖ್ಯ. ಬಾಕಿ ವಿಷಯಗಳು ಕೊರಳಿಗೆ ಸುತ್ತಿಕೊಂಡು ಡಿಗ್ರಿ ಅರ್ಧಕ್ಕೆ ನಿಂತವನು, ಕೆಳಗಿನ ಲೆವೆಲಿಗೇ ಅರ್ಜಿ ಹಾಕಬೇಕಾಗುತ್ತದೆ. ಪೊಲೀಸ್ ಇಲಾಖೆಯ ಕ್ರೀಡಾ ಮೀಸಲಿನಲ್ಲೂ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು, ಪಿಎಸ್‌ಐ ಆಗಲು ಪದವಿ ಬೇಕು.

ಬಿ.ಪಿ.ಎಡ್. ಮಾಡಿ ಪಿ.ಟಿ. ಮೇಷ್ಟ್ರಾದರೆ ಆಯಿತು ಎನ್ನುವವರಿಗೂ ಒಂದು ಮಾತು: ಬಿ.ಪಿ.ಎಡ್. ಪದವಿಯ ಮೇಲಿನ ಎರಡು ವರ್ಷದ ಕೋರ್ಸು, ಪದವಿಯ ಬದಲಿಯಲ್ಲ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಾಗಬೇಕಾದರೆ ಸ್ನಾತಕೋತ್ತರ ಪದವಿ, ನೆಟ್ ಪರೀಕ್ಷೆ, ಜೊತೆಗೆ ಓಟದ ಪರೀಕ್ಷೆ. ಯುಜಿಸಿಯ 2018ರ ನಿಯಮದಲ್ಲಿ 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್ ಓಡಬೇಕು. ಓಟ ನಮ್ಮವರಿಗೆ ನೀರು ಕುಡಿದಷ್ಟು ಸಲೀಸು. ಎಡವುವುದು ನೆಟ್‌ನಲ್ಲಿ.

ತಪ್ಪು ಕಲ್ಪನೆ: "ಹುಡುಗ ಮೈದಾನದಾಗ ಖುಷಿ ಅದಾನ. ಅಂದ ಮ್ಯಾಲ ಕಾಲೇಜು ಅವಗ ಹೊಂದೈತಿ."

ಉಳಿದ ಮಾತುಗಳೆಲ್ಲ ನಿಯಮ ಗೊತ್ತಿಲ್ಲದ್ದರಿಂದ ಹುಟ್ಟಿದವು. ಇದು ಪ್ರೀತಿಯಿಂದ ಹುಟ್ಟಿದ್ದು. ಅದಕ್ಕೇ ಹೆಚ್ಚು ಅಪಾಯಕಾರಿ.

ಆಟದ ಖುಷಿ ನೋವಿನ ಮಾತ್ರೆಯ ಹಾಗೆ ಕೆಲಸ ಮಾಡುತ್ತದೆ. ತಪ್ಪು ಬ್ರಾಂಚ್ ಸೇರಿದ ಸಾಮಾನ್ಯ ವಿದ್ಯಾರ್ಥಿ ಮೊದಲ ಇಂಟರ್ನಲ್‌ ಮುಗಿಯುವುದರೊಳಗೆ 'ಇದು ನನಗಲ್ಲ' ಅಂತ ಮನೆಗೆ ಫೋನ್ ಮಾಡುತ್ತಾನೆ. ಆಡುವ ಹುಡುಗನಿಗೆ ಅದು ತಿಳಿಯುವುದು ಎರಡನೇ ವರ್ಷದ ಕೊನೆಗೆ. ಅಲ್ಲಿಯವರೆಗೆ ತರಗತಿಯ ಬೇಸರವನ್ನು ಸಂಜೆಯ ಬಯಲು ಅಳಿಸಿಹಾಕುತ್ತಿರುತ್ತದೆ. ಗೆಳೆಯರಿದ್ದಾರೆ, ಕಾಲೇಜಿನಲ್ಲಿ ಹೆಸರಿದೆ, ವಾರ್ಷಿಕೋತ್ಸವದಲ್ಲಿ ಟ್ರೋಫಿ ಎತ್ತಿ ಫೋಟೊ ತೆಗೆಸಿಕೊಂಡಿದ್ದಾನೆ. ಬಾಕಿ ವಿಷಯಗಳು ಒಂದು, ಎರಡು, ನಾಲ್ಕು ಅಂತ ಬೆಳೆದಿರುವುದು ಅವನಿಗೂ ಕಾಣುವುದಿಲ್ಲ, ಮನೆಯವರಿಗೂ ಕಾಣುವುದಿಲ್ಲ. ಒಂದು ದಿನ ಮೊಣಕಾಲು ಉಳುಕುತ್ತದೆ. ಮೂರು ತಿಂಗಳು ಬಯಲಿಲ್ಲ. ಉಳಿಯುವುದು ಬರೀ ತರಗತಿ. ಆಗ ಹುಡುಗ 'ಕಾಲೇಜೇ ಬೇಡ' ಅನ್ನುತ್ತಾನೆ. ಮನೆಯವರು ಗಾಯವನ್ನು ಬೈಯುತ್ತಾರೆ. ಗಾಯಕ್ಕೂ ಬೇಸರಕ್ಕೂ ಸಂಬಂಧವಿಲ್ಲ, ಗಾಯವು ಮುಚ್ಚಳ ತೆಗೆಯಿತು ಅಷ್ಟೆ.

ಹಾಗಾಗಿ ತೃಪ್ತಿಯ ಲೆಕ್ಕವನ್ನು ಎರಡು ಖಾತೆಯಲ್ಲಿ ಬರೆಯಬೇಕು. ಸೆಮಿಸ್ಟರಿನ ನಡುವೆ, ಯಾವ ಟೂರ್ನಿಯೂ ಇಲ್ಲದ ವಾರದಲ್ಲಿ ಕೇಳಿಕೊಳ್ಳಿ: ಈ ವಾರ ಕಾಲೇಜಿಗೆ ಹೋಗಲು ಮನಸ್ಸಿದೆಯೇ? ಯಾವುದಾದರೂ ಒಂದು ವಿಷಯದ ಬಗ್ಗೆ ಗೆಳೆಯನೊಂದಿಗೆ ಮಾತಾಡುವ ಆಸೆ ಹುಟ್ಟುತ್ತದೆಯೇ? ಇಲ್ಲವೆಂದಾದರೆ ಮೊದಲ ವರ್ಷದಲ್ಲೇ ಬ್ರಾಂಚ್ ಬದಲಿಸುವ, ಕೋರ್ಸ್ ಬದಲಿಸುವ ದಾರಿ ವಿಚಾರಿಸಿ. ಮೂರನೇ ವರ್ಷದಲ್ಲಿ ದಾರಿಗಳು ಕಡಿಮೆ, ಕಳೆದುಕೊಳ್ಳುವುದು ಜಾಸ್ತಿ. ಇದಕ್ಕೆ ಉಲ್ಟಾ ಕೂಡ ನಡೆಯುತ್ತದೆ: ಓದು ಹೊಂದಿದೆ, ತಂಡ ಹೊಂದಿಲ್ಲ. ಅದು ಅಷ್ಟು ದೊಡ್ಡ ಸಂಕಟವಲ್ಲ. ತಂಡಕ್ಕೆ ಊರಲ್ಲಿ ಬದಲಿಯಿದೆ. ಊರಿನ ಕಬಡ್ಡಿ ತಂಡ, ಜಿಲ್ಲಾ ಅಸೋಸಿಯೇಷನ್, ಕ್ರೀಡಾಂಗಣದ ತರಬೇತುದಾರರು ಇದ್ದಾರೆ. ತಪ್ಪಿದ ಓದಿಗೆ ಅಂಥ ಬದಲಿ ಊರಲ್ಲಿಲ್ಲ.

ತಪ್ಪು ಕಲ್ಪನೆ: "ಓದಾಕ ಅಂತ ಒಮ್ಮೆ ಆಟ ಬಿಟ್ರ ಮುಗೀತು."

ಸ್ಪಿನ್ ಬೌಲರ್ ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಹೋಗಿ ಬಂದರು. ಬಂದವರು ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ ಓದಿಗೆ ಕೂತರು. ಮತ್ತೆ ಭಾರತ ತಂಡದಲ್ಲಿ ಕಾಣಿಸಿಕೊಂಡದ್ದು 1967ರ ಜನವರಿಯಲ್ಲಿ, ಸುಮಾರು ಐದು ವರ್ಷದ ಮೇಲೆ. ಒಟ್ಟು 49 ಟೆಸ್ಟ್, 189 ವಿಕೆಟ್. ಅದರಲ್ಲಿ ಬಹುಪಾಲು ಎಂಜಿನಿಯರಾದ ಮೇಲಿನ ಗಳಿಕೆ. 20 ಟೆಸ್ಟ್‌ಗಳಲ್ಲಿ 100 ವಿಕೆಟ್ ಮುಟ್ಟಿದ ಅವರ ಭಾರತೀಯ ದಾಖಲೆ ಅಶ್ವಿನ್ ಬರುವವರೆಗೆ ನಿಂತಿತ್ತು.

ಸ್ಪಿನ್ ಬೌಲರಿಗೆ ವಯಸ್ಸು ಅಷ್ಟಾಗಿ ಶತ್ರುವಲ್ಲ, ನಿಜ. 100 ಮೀಟರ್ ಓಡುವವಳು, ಜಿಮ್ನಾಸ್ಟ್, ಈಜುಗಾರ ಐದು ವರ್ಷ ಕಾಯಲಾರರು. ಆದರೆ ದೂರದ ಓಟ, ಗುಂಡು ಎಸೆತ, ಕುಸ್ತಿ, ಕಬಡ್ಡಿಯವರಿಗೆ ಒಂದು ಸೆಮಿಸ್ಟರ್ ಟೂರ್ನಿ ಬಿಟ್ಟು ಬಾಕಿ ವಿಷಯ ತೀರಿಸಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆ ಅವಧಿಯಲ್ಲಿ ತಾಲೀಮನ್ನು ಪೂರ್ತಿ ನಿಲ್ಲಿಸದಿದ್ದರೆ ಸಾಕು. ಎಐಯು ಪಂದ್ಯಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಆಡಬಹುದು, ವಯಸ್ಸಿನ ಮಿತಿ 25. ಹದಿನೆಂಟಕ್ಕೆ ಪಿಯುಸಿ ಮುಗಿಸಿ ತಳಕಲ್‌ಗೆ ಬಂದವರ ಕೈಯಲ್ಲಿ ಏಳು ವರ್ಷವಿದೆ, ಬಿ.ಇ.ಗೆ ಬೇಕಿರುವುದು ನಾಲ್ಕು.